ಆಫ್ರಿಕಾದವರ ಮುಯ್ಯಾಳು, ನಮ್ಮವರ ಪ್ರಶ್ನೆ

ಕಳೆದ ಸಂಚಿಕೆಯ ಒಂದು ಉತ್ತರದಲ್ಲಿ ರವಾಂಡಾದ ವಿಷಯ ನಾಲ್ಕು ಸಾಲು ಬರೆದಿದ್ದೆ. ಪ್ರತಿ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಅಲ್ಲಿ ಅಂಗಡಿ ಮುಚ್ಚಿ, ಗಾಡಿ ನಿಲ್ಲಿಸಿ, ಜನ ಗುದ್ದಲಿ ಕತ್ತಿ ಹಿಡಿದು ತಮ್ಮ ಕೇರಿಯ ರಸ್ತೆ, ಚರಂಡಿ ಕೆಲಸಕ್ಕೆ ಇಳಿಯುತ್ತಾರೆ ಅಂತ. ಆಫ್ರಿಕಾದ ಎಷ್ಟೋ ಕಡೆ ಒಬ್ಬರ ಕಷ್ಟ ಕೇರಿಯ ಕಷ್ಟವೇ ಆಗಿರುತ್ತದೆ ಅಂತಲೂ ಸೇರಿಸಿದ್ದೆ. ಅಷ್ಟಕ್ಕೇ ಇಷ್ಟು ಪತ್ರ! ಕೆಲವರು ಮೆಚ್ಚಿದ್ದೀರಿ, ಕೆಲವರು ಸರಿಯಾಗಿಯೇ ಝಾಡಿಸಿದ್ದೀರಿ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿದ್ದರಿಂದ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಅಕ್ಕ, ನಾವು ಚಿಕ್ಕವರಿದ್ದಾಗ ಅಡಿಕೆ ಸುಲಿಯಲು ಕೇರಿಯವರೆಲ್ಲ ಸೇರುತ್ತಿದ್ದರು. ಇವತ್ತು ನಮ್ಮನೆ, ನಾಳೆ ಅವರ ಮನೆ. ಈಗ ದುಡ್ಡು ಕೊಟ್ಟರೂ ಆಳು ಸಿಗುವುದಿಲ್ಲ. ಆಫ್ರಿಕಾದವರಿಗೆ ಇನ್ನೂ ಉಳಿದಿರುವ ಆ ಒಳ್ಳೆಯ ಬುದ್ಧಿ ನಮಗೆ ಯಾಕೆ ಹೋಯಿತು?
(ಅಡಿಕೆ ಬೆಳೆಗಾರರು, ಶಿರಸಿ ತಾಲೂಕು)

ಉತ್ತರ: ಒಳ್ಳೆಯ ಬುದ್ಧಿಯ ಮಾತನ್ನು ಸ್ವಲ್ಪ ಪಕ್ಕಕ್ಕಿಡೋಣ ಅಣ್ಣ. ಮುಯ್ಯಾಳು, ಅಂದರೆ ಕೂಲಿ ಇಲ್ಲದೆ ಆಳಿಗೆ ಆಳು ಕೊಡುವುದು, ನಡೆದದ್ದು ಲೆಕ್ಕದ ಮೇಲೆ. ನಿಮ್ಮ ಅಂಗಳದಲ್ಲಿ ಹತ್ತು ಮನೆಯವರು ಮೆಟ್ಟುಗತ್ತಿ ಇಟ್ಟುಕೊಂಡು ಕೂತರೆ, ಆ ಹತ್ತೂ ಮನೆಯ ಅಂಗಳಕ್ಕೆ ನಿಮ್ಮನೆಯಿಂದ ಒಬ್ಬರು ಹೋಗಿ ಕೂರಲೇಬೇಕಿತ್ತು. ಯಾರ ಮನೆಯಿಂದ ಯಾರು ಬಂದರು, ಕೈ ಚುರುಕಿನವರು ಬಂದರೋ ಅಥವಾ ನಿದ್ದೆಗಣ್ಣಿನ ಹುಡುಗನನ್ನು ಕಳಿಸಿ ಕೈ ತೊಳೆದುಕೊಂಡರೋ, ಅವಲಕ್ಕಿಗೆ ಬೆಲ್ಲ ಎಷ್ಟು ಹಾಕಿದ್ದರು, ಚಾ ಎರಡನೇ ಸಲ ಬಂತೋ ಇಲ್ಲವೋ, ಇದೆಲ್ಲ ಅಜ್ಜಿಯರ ತಲೆಯಲ್ಲಿ ಅಳಿಸದ ಹಾಗೆ ಬರೆದಿರುತ್ತಿತ್ತು. ಒಂದು ವರ್ಷ ತಪ್ಪಿಸಿದವನಿಗೆ ಮುಂದಿನ ವರ್ಷ ಯಾರೂ ಬರುತ್ತಿರಲಿಲ್ಲ. ಯಾರೂ ಬೈಯುತ್ತಿರಲಿಲ್ಲ, ಸುಮ್ನೆ ಬರುತ್ತಿರಲಿಲ್ಲ ಅಷ್ಟೇ.

ಘಾನಾದ ಅಕಾನ್ ಜನರಲ್ಲಿ ಇದೇ ಪದ್ಧತಿ ಇದೆ, 'ನ್ನೊಬೊವಾ' ಅಂತ. ಅಕ್ಕಪಕ್ಕದ ಕೆಲವು ರೈತರ ಒಂದು ಗುಂಪು. ಸರದಿಯ ಮೇಲೆ ಒಬ್ಬೊಬ್ಬರ ಕೋಕೋ ತೋಟ. ಯಾರ ಸರದಿಯೋ ಅವರ ಮನೆಯ ಊಟ. ಕೊಟ್ಟ ದಿನಕ್ಕೆ ದಿನ ವಾಪಸ್ ಬರಬೇಕು, ಕೂಲಿ ಮಾತೇ ಇಲ್ಲ. ಕೋಕೋ ಕೊಯ್ಲಿನಲ್ಲಿ ಒಂದು ಇಕ್ಕಟ್ಟಿದೆ. ಕಾಯಿ ಕೊಯ್ದ ಕೆಲವೇ ದಿನಗಳಲ್ಲಿ ಒಡೆಯಬೇಕು, ಜಾಸ್ತಿ ದಿನ ಬಿಟ್ಟರೆ ಕೆಡುತ್ತದೆ. ಹಾಗಾಗಿ ತೋಟದ ನಡುವೆ ಕಾಯಿ ರಾಶಿ ಹಾಕಿ ಸುತ್ತ ಕೂರುತ್ತಾರೆ. ಒಬ್ಬರು ಕತ್ತಿಯಿಂದಲೋ ಕೊರಡಿನಿಂದಲೋ ಹೊಡೆದು ಒಡೆದರೆ ಇನ್ನೊಬ್ಬರು ಬೆರಳು ಹಾಕಿ ಬಿಳಿ ತಿರುಳಿನ ಸಮೇತ ಬೀಜ ಎಳೆದು ತೆಗೆಯುತ್ತಾರೆ. ಅದನ್ನು ಬಾಳೆ ಎಲೆಯ ಮೇಲೆ ಗುಡ್ಡೆ ಹಾಕಿ, ಮೇಲೂ ಬಾಳೆ ಎಲೆ ಮುಚ್ಚಿ, ಐದಾರು ದಿನ ಹುಳಿ ಬರಲು ಬಿಡುತ್ತಾರೆ. ಗುಡ್ಡೆ ತೀರ ಚಿಕ್ಕದಾದರೆ ಒಳಗೆ ಕಾವು ಏರುವುದಿಲ್ಲ, ಬೀಜಕ್ಕೆ ಆ ಚಾಕೊಲೇಟಿನ ರುಚಿ ಬರುವುದಿಲ್ಲ. ಅಂದರೆ ಒಂದೇ ದಿನ ತುಂಬಾ ಕೈ ಬೇಕು. ನಮ್ಮ ಹಸಿ ಅಡಿಕೆಯೂ ಹಾಗೇ ಅಲ್ವಾ? ಕೊನೆ, ಅಂದರೆ ಅಡಿಕೆ ಗೊನೆ, ಇಳಿಸಿದ ಮೇಲೆ ಸುಲಿದು ಬೇಯಿಸುವ ತನಕ ಪುರುಸೊತ್ತಿಲ್ಲ. ಕಾಯುವುದಕ್ಕಾಗದ ಕೆಲಸ ಇದ್ದ ಕಡೆಯೆಲ್ಲ ಜನ ಮುಯ್ಯಾಳು ಕಂಡುಕೊಂಡಿದ್ದಾರೆ.

ಇನ್ನು ನಮ್ಮಲ್ಲಿ ಯಾಕೆ ಹೋಯಿತು? ಮಕ್ಕಳು ಬೆಂಗಳೂರಿಗೆ ಹೋದರು, ಸುಲಿಯುವ ಮಷಿನ್ ಬಂತು, ಇದು ನಿಮಗೂ ಗೊತ್ತು. ಇನ್ನೊಂದು ಕಾರಣ ಯಾರೂ ಹೇಳುವುದಿಲ್ಲ. ಒಬ್ಬನಿಗೆ ಅರ್ಧ ಎಕರೆ, ಪಕ್ಕದವನಿಗೆ ಎಂಟು ಎಕರೆ ಆದಮೇಲೆ ಮುಯ್ಯಿ ತೀರುವುದಿಲ್ಲ. ಅರ್ಧ ಎಕರೆಯವನು ಎಂಟು ಎಕರೆಯವನ ಮನೆಯಲ್ಲಿ ವಾರಗಟ್ಟಲೆ ಕೂರಬೇಕು, ಇವನ ಮನೆಗೆ ಬರುವವರು ಅರ್ಧ ರಾತ್ರಿಗೆ ಕೆಲಸ ಮುಗಿಸಿ ಎದ್ದು ಹೋಗುತ್ತಾರೆ. ಯಾರು ಒಪ್ಪುತ್ತಾರೆ? ಘಾನಾದಲ್ಲೂ ದೊಡ್ಡ ತೋಟದವರು ಕೂಲಿ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಬೆಳೆಯ ಮೂರನೇ ಒಂದು ಪಾಲಿಗೆ ತೋಟ ನೋಡಿಕೊಳ್ಳಲು ಬಿಡುತ್ತಾರೆ. ಸಮಸಮ ಇದ್ದವರ ನಡುವೆ ಮಾತ್ರ ಇದು ಸಲೀಸು. ಹಾಗೆಯೇ, ಆ ಹಳೆಯ ಅಂಗಳದಲ್ಲಿ ಸಮನಾಗಿ ಕೂತು ಚಾ ಕುಡಿದವರು ಯಾರ್ಯಾರು ಅಂತಲೂ ಒಮ್ಮೆ ನೆನಪು ಮಾಡಿಕೊಳ್ಳಿ. ಕೊನೆ ಇಳಿಸಿದ ಕೊನೆಗೌಡ ಅಂಗಳದ ಯಾವ ಮೂಲೆಯಲ್ಲಿ ಕೂರುತ್ತಿದ್ದ?

ಪ್ರಶ್ನೆ: ಆಫ್ರಿಕನ್ ಸಂಸ್ಕೃತಿ ಅಂದರೆ ಒಂದೇನಾ?
(ಪಿಯುಸಿ ವಿದ್ಯಾರ್ಥಿನಿ, ಭಟ್ಕಳ)

ಉತ್ತರ: ಅಲ್ಲ ಕಣಮ್ಮ. ವಿಶ್ವಸಂಸ್ಥೆಯ ಸದಸ್ಯರಾಗಿರುವ ದೇಶಗಳೇ ಅಲ್ಲಿ 54 ಇವೆ. ಭಾಷೆಗಳಂತೂ ಸಾವಿರದ ಲೆಕ್ಕದಲ್ಲಿ. ಕೈರೋದ ಅಂಗಡಿಯವನಿಗೂ ಕಲಹಾರಿಯ ಬೇಟೆಗಾರನಿಗೂ ಇರುವ ದೂರ ನಮಗೂ ಮಂಗೋಲಿಯಾದವರಿಗೂ ಇರುವಷ್ಟೇ. ಹಾಗಾಗಿ ಯಾರಾದರೂ 'ಆಫ್ರಿಕನ್ ಗಾದೆ' ಅಂತ ವಾಟ್ಸಾಪಿನಲ್ಲಿ ಕಳಿಸಿದರೆ, ಯಾವ ಊರಿನದು, ಯಾವ ಭಾಷೆಯದು ಅಂತ ಕೇಳು. ಹತ್ತರಲ್ಲಿ ಒಂಬತ್ತು ಸಲ ಉತ್ತರ ಬರುವುದಿಲ್ಲ.

ಪ್ರಶ್ನೆ: ನಮ್ಮ ಅಜ್ಜ ರಂಪಣಿ ಕಾಲದ ಕಥೆ ಹೇಳಿ ಹೇಳಿ ನಮ್ಮ ಕಿವಿ ತೂತು ಬಿದ್ದಿದೆ. ನಿಮ್ಮ ಅಂಕಣ ಓದಿಸಿದೆ. 'ಅವರು ಸಮುದ್ರಕ್ಕೆ ಹೋಗುವಾಗ ಹೇಗೆ ಮಾಡುತ್ತಾರೆ ಕೇಳು' ಅಂದರು.
(ಮಾಜಾಳಿ, ಕಾರವಾರ)

ಉತ್ತರ: ಅಜ್ಜನಿಗೆ ನನ್ನ ನಮಸ್ಕಾರ ಹೇಳು ತಮ್ಮ, ಒಳ್ಳೆಯ ಪ್ರಶ್ನೆ ಕೇಳಿದ್ದಾರೆ.

ನೋಡದ ಓದುಗರಿಗಾಗಿ ರಂಪಣಿಯ ಬಗ್ಗೆ ಎರಡು ಮಾತು. ದೋಣಿಯಲ್ಲಿ ಬಲೆ ಒಯ್ದು ಸಮುದ್ರದಲ್ಲಿ ದೊಡ್ಡ ಅರ್ಧ ಸುತ್ತು ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಎಳೆಯುವುದು. ಹತ್ತಿಪ್ಪತ್ತು ಜನರಿಂದ ಆಗದ ಕೆಲಸ, ಊರೇ ಬರಬೇಕು. ಬಲೆಯೂ ಹಲವು ಕಡೆ ಒಬ್ಬನದ್ದಲ್ಲ, ತುಂಡು ತುಂಡಾಗಿ ಹಲವು ಮನೆಯವರದು. ಬಂಗಡೆ ಬಿದ್ದ ದಿನ ಬಲೆಗೆ ಪಾಲು, ದೋಣಿಗೆ ಪಾಲು, ಹಗ್ಗಕ್ಕೆ ಕೈ ಹಾಕಿದವರಿಗೆ ಪಾಲು.

ಘಾನಾ, ಟೋಗೋ, ಬೆನಿನ್ ದೇಶಗಳ ಕರಾವಳಿಯಲ್ಲಿ ಇದೇ ತರಹದ ದಂಡೆ ಬಲೆ ಈಗಲೂ ಇದೆ. ಎವೆ ಜನಾಂಗದ ಮೀನುಗಾರರು ಇದರಲ್ಲಿ ಹೆಸರುವಾಸಿ. ಗಂಟೆಗಟ್ಟಲೆ ಎಳೆಯಬೇಕು, ಹಾಡಿಗೆ ತಕ್ಕ ಹಾಗೆ ಹೆಜ್ಜೆ ಹಾಕುತ್ತಾ ಎಳೆಯುತ್ತಾರೆ. ಖರ್ಚು ಕಳೆದು ಉಳಿದದ್ದು ಬಲೆಯ ಯಜಮಾನನಿಗೆ ಇಷ್ಟು, ಎಳೆದವರಿಗೆ ಇಷ್ಟು ಅಂತ ಪಾಲಾಗುತ್ತದೆ. ಘಾನಾದ ಕರಾವಳಿಯ ಹೆಚ್ಚಿನ ಊರುಗಳಲ್ಲಿ ಮಂಗಳವಾರ ಯಾರೂ ಸಮುದ್ರಕ್ಕೆ ಇಳಿಯುವುದಿಲ್ಲ. ಅವತ್ತು ಸಮುದ್ರ ದೇವರ ದಿನ ಅಂತ ನಂಬಿಕೆ. ಬಲೆ ಹೊಲಿಯುವುದು, ಜಗಳ ತೀರಿಸುವುದು ಎಲ್ಲ ಆ ದಿನ. ಜಗಳ ಬಿಡಿಸಲು ಮೀನುಗಾರರದೇ ಒಬ್ಬ ಮುಖ್ಯಸ್ಥ ಇರುತ್ತಾನೆ. ಕಾರವಾರ ಮಾರ್ಕೆಟ್ಟಿನ ನಮ್ಮ ಹೆಂಗಸರಿಗೆ ಇಷ್ಟವಾಗುವ ವಿಷಯ ಇನ್ನೊಂದಿದೆ. ಹಲವು ಊರುಗಳಲ್ಲಿ ದಂಡೆಗೆ ಬಂದ ಮೀನಿನ ಅವತ್ತಿನ ದರ ಕಟ್ಟುವುದು ಮೀನು ವ್ಯಾಪಾರದ ಹೆಂಗಸರ ಮುಖಂಡಳು. ಅವಳು ಹೇಳಿದ ಮೇಲೆ ಮುಗಿಯಿತು, ಗಂಡಸರು ಗೊಣಗಿದರೂ ಅದೇ ದರ.

ಅಲ್ಲೂ ಎಲ್ಲ ಸರಿ ಇಲ್ಲ. ದೊಡ್ಡ ಟ್ರಾಲರ್ ಬಂದು ದಂಡೆಯವರ ಬಲೆಗೆ ಸಿಗಬೇಕಾದ ಮೀನನ್ನು ಆಚೆಯಿಂದಲೇ ಬಳಿದುಕೊಂಡು ಹೋಗುತ್ತಿವೆ. ನಿಮ್ಮ ಅಜ್ಜ ಕಂಡದ್ದೂ ಇದೇ. 1970ರ ದಶಕದ ನಡುವಿನಲ್ಲಿ ನಮ್ಮ ಕರಾವಳಿಗೆ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟು ಬಂದವು, ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಜನರ ಮನಸ್ಸು ಕೆಟ್ಟು ಬಲೆ ಹರಿಯಲಿಲ್ಲ. ಮೀನು ದಂಡೆಗೆ ಬರುವುದೇ ನಿಂತಿತು, ಎಳೆಯಲು ಬರುವವರೂ ನಿಂತರು.

ಪ್ರಶ್ನೆ: ನೀವು ಕೂಡುಬಾಳನ್ನು ಹೊಗಳಿದಾಗ ನನಗೆ ನಿಜವಾಗಿ ಸಿಟ್ಟು ಬಂತು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಸಂಬಳದ ದಿನವೇ ಊರಿಂದ ಫೋನು. ತಂಗಿಯ ಫೀಸು ಸರಿ, ಚಿಕ್ಕಪ್ಪನ ಆಸ್ಪತ್ರೆಯೂ ಸರಿ. ಆದರೆ ದೊಡ್ಡಮ್ಮನ ಮಗನ ಬೈಕಿನ ಕಂತೂ ನಾನೇ ಕಟ್ಟಬೇಕಾ? ಇಲ್ಲ ಅಂದರೆ 'ಪೇಟೆಗೆ ಹೋಗಿ ಬದಲಾದ' ಅಂತಾರೆ. ಆಫ್ರಿಕಾದಲ್ಲಿ ಇದಕ್ಕೆ ಏನು ಮಾಡುತ್ತಾರೆ?
(ಊರು ಹೊನ್ನಾವರ)

ಉತ್ತರ: ಸಿಟ್ಟು ಬರಲಿ, ತಪ್ಪೇನಿಲ್ಲ. ದಕ್ಷಿಣ ಆಫ್ರಿಕಾದ ನಿನ್ನ ವಯಸ್ಸಿನವರು ಇದೇ ಸಿಟ್ಟಿಗೆ 'ಬ್ಲ್ಯಾಕ್ ಟ್ಯಾಕ್ಸ್' ಅಂತ ಹೆಸರಿಟ್ಟಿದ್ದಾರೆ. ಮನೆಯಲ್ಲಿ ಮೊದಲು ಕೆಲಸಕ್ಕೆ ಸೇರಿದ ಹುಡುಗ ಅಥವಾ ಹುಡುಗಿ ಅಪ್ಪ ಅಮ್ಮ, ತಮ್ಮ ತಂಗಿ, ಅತ್ತೆಯ ಮಕ್ಕಳು ಎಲ್ಲರನ್ನೂ ಹೊರಬೇಕು. ಸರ್ಕಾರಕ್ಕೆ ಕಟ್ಟುವ ತೆರಿಗೆ ಒಂದು, ಇದು ಇನ್ನೊಂದು.

ಇದನ್ನು ಬರೀ ಸಂಸ್ಕೃತಿ ಅಂದುಬಿಟ್ಟರೆ ಅರ್ಧ ಕಥೆ ಬಿಟ್ಟ ಹಾಗೆ. 1913ರ ಭೂ ಕಾಯ್ದೆಯಲ್ಲಿ ಅಲ್ಲಿನ ಕರಿಯ ಜನರಿಗೆ ದೇಶದ ಸುಮಾರು ನೂರಕ್ಕೆ 7ರಷ್ಟು ನೆಲ ಬಿಟ್ಟು ಬೇರೆಲ್ಲೂ ಭೂಮಿ ಕೊಳ್ಳದ ಹಾಗೆ ಮಾಡಿದರು. 1936ರಲ್ಲಿ ಅದನ್ನು 13ರ ಹತ್ತಿರ ಏರಿಸಿದರು, ಅಷ್ಟೇ. 1953ರಲ್ಲಿ ಕರಿಯರ ಮಕ್ಕಳಿಗೆ ಬೇರೆಯೇ, ಕಳಪೆ ಶಿಕ್ಷಣ ಅಂತ ಕಾನೂನು ಬಂತು. 1994ರಲ್ಲಿ ವರ್ಣಭೇದದ ಆಡಳಿತ ಮುಗಿಯುವ ಹೊತ್ತಿಗೆ ಅಜ್ಜನಿಂದ ಮೊಮ್ಮಗನಿಗೆ ಕೊಡಲು ಮನೆ ಇಲ್ಲ, ಜಮೀನಿಲ್ಲ, ಪಿಂಚಣಿಯೂ ನೆಟ್ಟಗಿಲ್ಲ. ಮೂರು ತಲೆಮಾರಿನಿಂದ ಕಿತ್ತುಕೊಂಡದ್ದನ್ನು ಒಬ್ಬನ ಸಂಬಳದಲ್ಲಿ ತುಂಬಿಸಬೇಕು ಅಂದರೆ ಆಗುತ್ತದಾ? ಹತ್ತು ಜನ ಹೊರಬೇಕಾದದ್ದು ಒಬ್ಬನ ತಲೆಯ ಮೇಲೆ ಬಿದ್ದಾಗ ಅದನ್ನು ಕೂಡುಬಾಳು ಅಂತ ಕರೆಯಲು ನನಗೂ ಮನಸ್ಸಿಲ್ಲ.

ನಿನಗೆ ಮಾತ್ರ ಕೀನ್ಯಾದವರ ದಾರಿ ಹೇಳುತ್ತೇನೆ. ಅಲ್ಲಿ 'ಹರಾಂಬೆ' ಅಂತ ಇದೆ. ಸ್ವಾತಂತ್ರ್ಯ ಬಂದಾಗ, 1963ರಲ್ಲಿ, ಅಲ್ಲಿನ ಮೊದಲ ಪ್ರಧಾನಿ ಜೋಮೋ ಕೆನ್ಯಾಟಾ ಇದನ್ನೇ ದೇಶದ ಘೋಷಣೆ ಮಾಡಿದರು. ಎಲ್ಲ ಸೇರಿ ಎಳೆಯೋಣ ಅಂತ. ಊರಿನವರೇ ಹಣ ಹಾಕಿ, ಕಲ್ಲು ಹೊತ್ತು ನೂರಾರು ಹೈಸ್ಕೂಲು ಕಟ್ಟಿಕೊಂಡರು. ಇವತ್ತಿಗೂ ಯಾರದ್ದಾದರೂ ಆಪರೇಷನ್ ಇದ್ದರೆ, ಮಗು ಕಾಲೇಜಿಗೆ ಹೋಗುವುದಿದ್ದರೆ ಹರಾಂಬೆ ಕರೆಯುತ್ತಾರೆ. ಇಂಥ ಕೆಲಸಕ್ಕೆ ಇಷ್ಟು ಬೇಕು ಅಂತ ಮೊದಲೇ ಹೇಳಿ, ಎಲ್ಲರೆದುರು ಯಾರು ಎಷ್ಟು ಕೊಟ್ಟರು ಅಂತ ಕೂಗಿ ಹೇಳುತ್ತಾರೆ. ರಾಜಕಾರಣಿಗಳು ಇದರೊಳಗೆ ನುಗ್ಗಿ ನೋಟಿನ ಕಂತೆ ತೋರಿಸುವ ಚಾಳಿಯೂ ಬೆಳೆಯಿತು ಬಿಡು, ಅದು ಎಲ್ಲಿ ಇಲ್ಲ? ನಿನಗೆ ಬೇಕಾದದ್ದು ಆ ಕೂಗಿ ಹೇಳುವ ಭಾಗ. ದೀಪಾವಳಿಗೆ ಊರಿಗೆ ಹೋದಾಗ ಎಲ್ಲರೂ ಇರುವಾಗಲೇ ಹೇಳು: ಫೀಸು ಮತ್ತು ಆಸ್ಪತ್ರೆಗೆ ಒಂದು ಗಂಟು ಮಾಡೋಣ, ನಾನು ತಿಂಗಳಿಗೆ ಇಷ್ಟು ಹಾಕುತ್ತೇನೆ, ದುಡಿಯುವ ಉಳಿದವರು ಕೈಲಾದಷ್ಟು ಹಾಕಲಿ, ಪುಸ್ತಕ ದೊಡ್ಡಮ್ಮನೇ ಇಟ್ಟುಕೊಳ್ಳಲಿ ಅಂತ. ಲೆಕ್ಕದ ಪುಸ್ತಕ ದೊಡ್ಡಮ್ಮನ ಕೈಯಲ್ಲಿದ್ದರೆ ಬೈಕಿನ ಕಂತು ಅದರಲ್ಲಿ ಬರೆಯಲು ಅವರಿಗೇ ಮುಜುಗರ ಆಗುತ್ತದೆ.

ಪ್ರಶ್ನೆ: ನಾನು ಯಲ್ಲಾಪುರ ಕಡೆ ಶಾಲೆಯಲ್ಲಿ ಟೀಚರ್. ನಮ್ಮ ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದಾರೆ. ಸಿದ್ದಿಯರ ಒಗ್ಗಟ್ಟು ಆಫ್ರಿಕಾದಿಂದ ಬಂದದ್ದೇ? ಮಕ್ಕಳಿಗೆ ಹೇಗೆ ಹೇಳಲಿ?

ಉತ್ತರ: ಟೀಚರ್, ಮೊದಲು ಹೇಗೆ ಹೇಳಬಾರದು ಅಂತ ಹೇಳಿಬಿಡುತ್ತೇನೆ. ಆ ಮಕ್ಕಳನ್ನು ಎದ್ದು ನಿಲ್ಲಿಸಿ 'ಇವರು ಆಫ್ರಿಕಾದವರು' ಅನ್ನಬೇಡಿ. ಅವರ ಹಿರಿಯರು ಬಂದು ಎಷ್ಟೋ ತಲೆಮಾರಾಯಿತು. ನಮ್ಮ ಜಿಲ್ಲೆಯ ಕಾಡು, ಮಳೆ, ಕನ್ನಡ, ಕೊಂಕಣಿ ಎಲ್ಲ ಅವರದ್ದೂ ಹೌದು. ಬಸ್ಸಿನಲ್ಲಿ ಪಕ್ಕ ಕೂತವನು 'ಯಾವ ದೇಶ?' ಅಂತ ಇಂಗ್ಲಿಷಿನಲ್ಲಿ ಕೇಳುವ ಅವಮಾನ ಅವರಿಗೆ ದಿನಾ ಇದ್ದದ್ದೇ. ಅದು ಶಾಲೆಯಲ್ಲೂ ಬೇಡ.

ಇತಿಹಾಸ ಹೇಳಲೇಬೇಕು, ನೇರವಾಗಿಯೇ ಹೇಳಿ. ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಜನರನ್ನು ಗುಲಾಮರಾಗಿ ತಂದರು. ಗೋವಾದ ಯಜಮಾನರ ಮನೆಗಳಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ಕಡೆ ನೆಲೆ ನಿಂತರು. ಒಂದೇ ಊರಿನವರಲ್ಲ, ಒಂದೇ ಭಾಷೆಯವರೂ ಅಲ್ಲ. ಹಾಗಾಗಿ ಇಂಥ ಪದ್ಧತಿ ಆಫ್ರಿಕಾದ ಇಂಥ ಊರಿನದ್ದು ಅಂತ ಬೆರಳು ಮಾಡಿ ತೋರಿಸುವುದು ಕಷ್ಟ. ಓಡಿಬಂದವರು ಕಾಡಿನಲ್ಲಿ ಬದುಕಬೇಕಾದರೆ ಒಬ್ಬರಿಗೊಬ್ಬರು ಆಗಲೇಬೇಕಿತ್ತು. ಅವರ ಒಗ್ಗಟ್ಟಿನಲ್ಲಿ ಅಲ್ಲಿಂದ ತಂದದ್ದು ಸ್ವಲ್ಪ, ಇಲ್ಲಿ ಕಷ್ಟಪಟ್ಟು ಕಟ್ಟಿಕೊಂಡದ್ದು ಜಾಸ್ತಿ ಅಂತ ನನ್ನ ಅನಿಸಿಕೆ.

ಮಕ್ಕಳಿಗೆ ತೋರಿಸಲು ಒಳ್ಳೆಯ ವಿಷಯ ಬೇಕಾದಷ್ಟಿದೆ. ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಆದರೂ ಹಿರಿಯರಿಗೆ ಎಡೆ ಇಡುವುದು, ಡಮಾಮಿ ಅನ್ನುವ ಡೋಲು ಬಡಿದು ಕುಣಿಯುವುದು ಮೂವರಲ್ಲೂ ಇದೆ. ನೆಂಟಸ್ತನ ಧರ್ಮ ದಾಟಿಯೂ ನಡೆಯುತ್ತದೆ. ಇನ್ನೊಂದು, ಕೌದಿ. ಸಿದ್ದಿ ಹೆಂಗಸರ ಕೌದಿಯನ್ನು ಸಾಧ್ಯವಾದರೆ ಒಂದು ದಿನ ತರಗತಿಗೆ ತರಿಸಿ, ಹೊಲಿದ ಅಜ್ಜಿಯನ್ನೇ ಕರೆಸಿದರೆ ಇನ್ನೂ ಒಳ್ಳೆಯದು. ಅವರು ಹೊಲಿಗೆ ಶುರು ಮಾಡುವುದು ಅಂಚಿನಿಂದ. ಅಡಿಯಲ್ಲಿ ಹಳೆಯ ಸೀರೆ, ಮೇಲೆ ಹರಿದ ಲಂಗ, ಅಂಗಿ, ಲುಂಗಿಯ ತುಂಡುಗಳು. ಒಂದೊಂದೇ ತುಂಡಿನ ಅಂಚು ಮಡಚಿ ಇಟ್ಟು, ಸುತ್ತ ಸುತ್ತ ಉದ್ದ ಸಾಲು ಹೊಲಿಗೆ ಹಾಕುತ್ತಾ ನಡುವಿಗೆ ಬರುತ್ತಾರೆ. ದೊಡ್ಡ ಕೌದಿಗೆ ಇಬ್ಬರು ಮೂವರು ಬೇರೆ ಬೇರೆ ಬದಿಯಿಂದ ಕೂರುವುದುಂಟು. ಎಲ್ಲ ಮುಗಿದ ಮೇಲೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಮೂರು ಮೂಲೆಯ 'ಫೂಲಾ' ಕೂರಿಸಬೇಕು. ಅದು ಇಲ್ಲದ ಕೌದಿ ಬರಿಮೈಯಲ್ಲಿದ್ದ ಹಾಗೆ ಅನ್ನುತ್ತಾರೆ ಆ ಹೆಂಗಸರು. ಮಕ್ಕಳಿಗೆ ಕೇಳಿ ನೋಡಿ, ಯಾವ ತುಂಡು ಯಾರ ಅಂಗಿಯದು ಅಂತ.

ಹಾಂ, ಇದನ್ನೂ ಹೇಳಿ. ನಮ್ಮ ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು, ಆ ಸಮುದಾಯದಿಂದ ಅಲ್ಲಿಗೆ ಹೋದ ಮೊದಲಿಗರು. ನಿಮ್ಮ ತರಗತಿಯ ಮಕ್ಕಳಿಗೆ ಗುಲಾಮರ ಕಥೆಯ ಜೊತೆ ಇದೂ ಗೊತ್ತಿರಲಿ.

ಪ್ರಶ್ನೆ: ನಿಮ್ಮ ಉತ್ತರ ಬರೀ ಸಕ್ಕರೆ ಪಾಕ. ಅಷ್ಟು ಒಗ್ಗಟ್ಟಿನ ಜನ ಆಗಿದ್ದರೆ ಅದೇ ರವಾಂಡಾದಲ್ಲಿ 1994ರಲ್ಲಿ ಪಕ್ಕದ ಮನೆಯವರನ್ನೇ ಕಡಿದು ಹಾಕಿದರಲ್ಲ? ಅದನ್ನು ಯಾಕೆ ಬರೆಯಲಿಲ್ಲ?
(ನಿವೃತ್ತ ನೌಕರರು, ಅಂಕೋಲಾ)

ಉತ್ತರ: ಬರೆಯೋಣ ಸರ್. ಸುಮಾರು 100 ದಿನದಲ್ಲಿ ಎಂಟು ಲಕ್ಷದಷ್ಟು ಜನ, ಹೆಚ್ಚಿನವರು ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರು, ಸತ್ತರು. ರವಾಂಡಾ ಸರ್ಕಾರ ಹತ್ತು ಲಕ್ಷಕ್ಕೂ ಮೇಲೆ ಅನ್ನುತ್ತದೆ. ನಿಮ್ಮ ಮಾತಿಗೆ ಇನ್ನೂ ಬಲ ಬರುವ ಸಂಗತಿ ಹೇಳುತ್ತೇನೆ. ಶನಿವಾರದ ಆ ಕೆಲಸಕ್ಕೆ 'ಉಮುಗಾಂಡ' ಅಂತ ಹೆಸರು. ನರಮೇಧಕ್ಕೆ ಮೊದಲೂ ಅದು ಇತ್ತು, ಆಗಲೂ ಸರ್ಕಾರದ ಹಿಡಿತದಲ್ಲೇ ಇತ್ತು. ಜನರನ್ನು ಒಟ್ಟು ಸೇರಿಸಿ ಕೆಲಸಕ್ಕೆ ಹಚ್ಚುವ ಅದೇ ವ್ಯವಸ್ಥೆಯನ್ನು ಕೊಲ್ಲುವವರು ಬಳಸಿಕೊಂಡರು, ಕೊಲ್ಲುವುದಕ್ಕೂ 'ಕೆಲಸ' ಅಂತಲೇ ಅಂದರು. ಒಗ್ಗಟ್ಟಿಗೆ ತಾನಾಗಿ ಒಳ್ಳೆಯದು ಕೆಟ್ಟದ್ದು ಗೊತ್ತಿರುವುದಿಲ್ಲ. ಅದನ್ನು ಯಾರು ಕರೆಯುತ್ತಾರೆ, 'ನಾನು ಬರುವುದಿಲ್ಲ' ಅನ್ನಲು ಜಾಗ ಇದೆಯಾ ಅನ್ನುವುದೇ ಮುಖ್ಯ.

ಆಮೇಲೆ ಏನಾಯಿತು ಅಂತಲೂ ನೋಡಬೇಕು. ಜೈಲು ತುಂಬಿ ತುಳುಕಿತ್ತು, ಕೋರ್ಟಿನಲ್ಲಿ ವಿಚಾರಣೆ ಮುಗಿಯಲು ನೂರು ವರ್ಷವೂ ಸಾಲುತ್ತಿರಲಿಲ್ಲ. ಆಗ ಹಳೆಯ ಕಾಲದ 'ಗಚಾಚಾ' ನ್ಯಾಯವನ್ನು ಹೊಸ ರೂಪದಲ್ಲಿ ತಂದರು. ಊರಿನವರು ಹುಲ್ಲಿನ ಮೇಲೆ ಕೂತು, ತಾವೇ ಆರಿಸಿದ ಪಂಚರ ಎದುರು, ಯಾರು ಯಾರನ್ನು ಕೊಂದರು, ಹೆಣ ಎಲ್ಲಿ ಹೂತರು ಅಂತ ಬಾಯಿ ಬಿಟ್ಟು ಹೇಳುವುದು. 2002ರಿಂದ 2012ರ ತನಕ ಸುಮಾರು 12,000 ಇಂಥ ಪಂಚಾಯ್ತಿಗಳು ಹತ್ತೊಂಬತ್ತು ಲಕ್ಷದಷ್ಟು ಪ್ರಕರಣ ಮುಗಿಸಿದವು. ವಕೀಲರಿರಲಿಲ್ಲ, ಸುಳ್ಳು ಸಾಕ್ಷಿಯ ದೂರುಗಳಿದ್ದವು. ಆದರೂ ಕೊಂದವನೂ ಉಳಿದವಳೂ ಅದೇ ಬಾವಿಯ ನೀರು ಸೇದಬೇಕಾದ ಊರಿನಲ್ಲಿ ಬೇರೆ ಏನು ಮಾಡಬಹುದಿತ್ತು ಅಂತ ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲ.

ಈಗಿನ ಉಮುಗಾಂಡಕ್ಕೂ ಕಾನೂನಿದೆ. 18ರಿಂದ 65 ವಯಸ್ಸಿನವರು ಬರಲೇಬೇಕು, ತಪ್ಪಿಸಿದರೆ ದಂಡ. ಸರ್ಕಾರ ಕೈ ಹಾಕಿದ ಕೂಡುಬಾಳಿನ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದ್ದದ್ದೇ. ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆ ಪ್ರಾಮಾಣಿಕ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. 1967ರಲ್ಲಿ ಅರೂಷಾ ಘೋಷಣೆ ಹೊರಡಿಸಿ, ಹಳ್ಳಿಯೇ ಒಂದು ದೊಡ್ಡ ಕುಟುಂಬದಂತೆ ಒಟ್ಟಿಗೆ ದುಡಿಯಲಿ ಅಂದರು. ಅದಕ್ಕೆ 'ಉಜಮಾ' ಅಂತ ಹೆಸರು. ಜನ ತಾವಾಗಿ ಬರಲಿಲ್ಲ. 1973ರ ನಂತರ ಲಕ್ಷಾಂತರ ಜನರನ್ನು ಹೊಸ ಹಳ್ಳಿಗಳಿಗೆ ಬಲವಂತವಾಗಿ ಸಾಗಿಸಿದರು, ಕೆಲವು ಕಡೆ ಹಳೆಯ ಮನೆಗೆ ಬೆಂಕಿ ಇಟ್ಟರು. ಬೆಳೆ ಕುಸಿಯಿತು, ಹೊರಗಿನಿಂದ ಧಾನ್ಯ ತರಿಸಬೇಕಾಯಿತು. ಶಾಲೆ ಹೆಚ್ಚಿದವು, ಓದು ಬರಹ ಬಂದವರು ಹೆಚ್ಚಿದರು, ಅದು ಬೇರೆ ಮಾತು. ನಿಮ್ಮ ಪಕ್ಕದ ಕುಮಟಾದ ಗಜನಿ ಗದ್ದೆ ನೋಡಿದ್ದೀರಲ್ಲ? ಅಘನಾಶಿನಿಯ ಉಪ್ಪುನೀರು ಒಳಗೆ ಬರದ ಹಾಗೆ ಕಟ್ಟೆ ಕಟ್ಟಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಕಟ್ಟೆ ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಅಲ್ಲಿ ರೈತ ರಾತ್ರಿ ಎದ್ದು ಕಟ್ಟೆಗೆ ಮಣ್ಣು ಹಾಕಲು ಓಡುವುದು ಯಾರದೋ ಘೋಷಣೆ ಕೇಳಿ ಅಲ್ಲ.

ಪ್ರಶ್ನೆ: ನಾವು ಹೆಂಗಸರು ಚೀಟಿ ಹಾಕುತ್ತೇವೆ. ಆಫ್ರಿಕಾದಲ್ಲೂ ಇದೆಯಂತೆ ಹೌದಾ?
(ಸ್ವಸಹಾಯ ಸಂಘದ ಸದಸ್ಯೆ, ಗೋಕರ್ಣ)

ಉತ್ತರ: ಇದೆಯಾ ಅಂತ ಕೇಳುತ್ತೀರಾ! ಇಥಿಯೋಪಿಯಾದಲ್ಲಿ 'ಇಕ್ಕುಬ್', ನೈಜೀರಿಯಾದ ಯೊರೂಬಾ ಜನರಲ್ಲಿ 'ಎಸುಸು', ದಕ್ಷಿಣ ಆಫ್ರಿಕಾದಲ್ಲಿ 'ಸ್ಟಾಕ್‌ವೆಲ್', ಕೀನ್ಯಾದಲ್ಲಿ 'ಚಾಮಾ'. ನಮ್ಮ ಚೀಟಿಯಲ್ಲಿ ಹರಾಜು ಕೂಗುತ್ತೇವೆ, ತುರ್ತು ಇದ್ದವಳು ಜಾಸ್ತಿ ಬಿಟ್ಟುಕೊಡುತ್ತಾಳೆ. ಅವರಲ್ಲಿ ಹೆಚ್ಚಾಗಿ ಸರದಿ ಅಥವಾ ಹೆಸರಿನ ಚೀಟಿ ಎತ್ತುವುದು, ಬಿಟ್ಟುಕೊಡುವ ಮಾತಿಲ್ಲ. ಹಾಕಿದಷ್ಟೂ ಒಂದು ದಿನ ಕೈಗೆ ಬರುತ್ತದೆ. ದಕ್ಷಿಣ ಆಫ್ರಿಕಾದ ಕೆಲವು ಗುಂಪುಗಳು ವರ್ಷವಿಡೀ ಹಣ ಕೂಡಿಟ್ಟು ಡಿಸೆಂಬರಿನಲ್ಲಿ ಹಿಟ್ಟು, ಎಣ್ಣೆ, ಸಕ್ಕರೆ ಸಗಟಾಗಿ ತಂದು ಹಂಚಿಕೊಳ್ಳುತ್ತವೆ.

ಘಾನಾದ ಸಂತೆಯಲ್ಲಿ ಇನ್ನೊಂದು ನಮೂನೆ. ಸುಸು, ಅಂದರೆ ದಿನದ ಉಳಿತಾಯದ ಹಣ, ವಸೂಲಿ ಮಾಡುವವನು ದಿನಾ ತರಕಾರಿ ಮಾರುವ ಹೆಂಗಸಿನ ಹತ್ತಿರ ಬಂದು ಒಂದೇ ಮೊತ್ತ ತೆಗೆದುಕೊಂಡು ಕಾರ್ಡಿನಲ್ಲಿ ಗುರುತು ಹಾಕುತ್ತಾನೆ. ತಿಂಗಳ ಕೊನೆಗೆ ಅಷ್ಟೂ ವಾಪಸ್ ಕೊಡುತ್ತಾನೆ, ಒಂದು ದಿನದ ಹಣ ಮಾತ್ರ ಅವನ ಕೂಲಿ. ಬಡ್ಡಿ ಇಲ್ಲ, ಮೇಲಿಂದ ಇವಳೇ ಕೊಡಬೇಕು. ಆದರೂ ಯಾಕೆ ಕೊಡುತ್ತಾಳೆ? ಮನೆಯಲ್ಲಿದ್ದರೆ ಗಂಡ ಕೇಳುತ್ತಾನೆ, ಮೈದುನ ಕೇಳುತ್ತಾನೆ. ಕಾರ್ಡಿನಲ್ಲಿದ್ದರೆ ಯಾರೂ ಕೇಳುವುದಿಲ್ಲ. ಇದು ನಿಮಗೆ ಬಿಡಿಸಿ ಹೇಳಬೇಕಾ?

ಪ್ರಶ್ನೆ: ಕಾರವಾರದಲ್ಲಿ ನಮ್ಮದು 24 ಮನೆಗಳ ಅಪಾರ್ಟ್‌ಮೆಂಟ್. ಹಿಂದೂ, ಮುಸ್ಲಿಂ, ಕ್ರಿಶ್ಚಿಯನ್ ಎಲ್ಲರೂ ಇದ್ದೇವೆ. ಮೊನ್ನೆ ಎರಡನೇ ಮಹಡಿಯ ಹಿರಿಯರೊಬ್ಬರು ರಾತ್ರಿ ತೀರಿಕೊಂಡರು, ಮಕ್ಕಳು ವಿದೇಶದಲ್ಲಿ. ಅವರ ಹೆಂಡತಿ ಒಬ್ಬರೇ. ಯಾರಿಗೆ ಫೋನ್ ಮಾಡಬೇಕು, ಏನು ತರಬೇಕು ಅಂತ ಯಾರಿಗೂ ತೋಚಲಿಲ್ಲ, ತುಂಬಾ ನಾಚಿಕೆ ಆಯಿತು. ಆಫ್ರಿಕಾದ ಕಥೆ ಇರಲಿ, ನಮ್ಮಂಥ ಕಡೆ ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು, ಮತ್ತು ಅದಕ್ಕೂ ಆಫ್ರಿಕಾದ್ದೇ ಮಾದರಿ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಥಿಯೋಪಿಯಾದ 'ಇದ್ದಿರ್'. ಇದು ಹಳ್ಳಿಗಿಂತ ಜಾಸ್ತಿ ಬೆಳೆದದ್ದು ಆಡಿಸ್ ಅಬಾಬಾದಂಥ ಪೇಟೆಯಲ್ಲಿ, ಅಂದರೆ ಎಲ್ಲಿಂದಲೋ ಬಂದು ಅಕ್ಕಪಕ್ಕ ಇದ್ದವರ ನಡುವೆ, ನಿಮ್ಮ ಹಾಗೆಯೇ. ಒಂದು ಕೇರಿಯವರು ತಿಂಗಳಿಗೆ ಸಣ್ಣ ಮೊತ್ತ ಹಾಕುತ್ತಾರೆ. ಅಧ್ಯಕ್ಷ, ಖಜಾಂಚಿ, ಬರೆದಿಟ್ಟ ನಿಯಮ ಎಲ್ಲ ಇದೆ. ಸಂಘದ್ದೇ ಡೇರೆ, ಬೆಂಚು, ದೊಡ್ಡ ಪಾತ್ರೆ, ತಟ್ಟೆ ಲೋಟ. ಯಾರ ಮನೆಯಲ್ಲಿ ಸಾವಾದರೂ ಡೇರೆ ಎದ್ದು ನಿಲ್ಲುತ್ತದೆ, ಅಡಿಗೆಗೆ ಒಂದು ಗುಂಪು, ಹೂಳಲು ಒಂದು ಗುಂಪು, ಆಮೇಲಿನ ದಿನಗಳಲ್ಲಿ ಮನೆಯವರ ಜೊತೆ ಸುಮ್ನೆ ಕೂರಲು ಒಂದಿಷ್ಟು ಜನ. ಕ್ರೈಸ್ತರೂ ಮುಸ್ಲಿಮರೂ ಒಂದೇ ಇದ್ದಿರ್‌ನಲ್ಲಿ ಇರುವುದು ಮಾಮೂಲು. ಹಣ ಕಟ್ಟಿದರೆ ಸಾಲದು, ಬರಲೂಬೇಕು. ಹಾಜರಿ ಕೂಗುತ್ತಾರೆ, ತಪ್ಪಿಸಿದವರಿಗೆ ದಂಡ.

ನಿಮ್ಮ 24 ಮನೆಗೆ ಡೇರೆ ಬೇಡ. ತಿಂಗಳ ನಿರ್ವಹಣಾ ವೆಚ್ಚದ ಜೊತೆ ಮನೆಗೆ 50 ರೂಪಾಯಿ ಸೇರಿಸಿ, ಅದನ್ನು ಬೇರೆ ಖಾತೆಯಲ್ಲಿಡಿ, ಪೈಂಟಿಗೂ ಪಂಪಿಗೂ ಮುಟ್ಟಬೇಡಿ. 20 ಪ್ಲಾಸ್ಟಿಕ್ ಕುರ್ಚಿ, ಒಂದು ದೊಡ್ಡ ತಾಡಪಾಲು, ಚಾ ಪಾತ್ರೆ, ಒಂದು ಸ್ಟ್ರೆಚರ್ ತಂದು ಮೀಟರ್ ಕೋಣೆಯಲ್ಲಿಡಿ. ನಿಮ್ಮ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತದಾ ಅಂತ ಈಗಲೇ ಅಳೆದು ನೋಡಿ, ಹಿಡಿಯದಿದ್ದರೆ ಮೆಟ್ಟಿಲಿನಲ್ಲಿ ಹೊರಲು ನಾಲ್ವರು ಗಟ್ಟಿಗರು ಯಾರು ಅಂತ ಬರೆದಿಡಿ. ರಾತ್ರಿ ಬಂದು ಸಾವಿನ ಸರ್ಟಿಫಿಕೇಟ್ ಕೊಡುವ ಡಾಕ್ಟರ್, ಆಂಬುಲೆನ್ಸ್, ಶೀತಪೆಟ್ಟಿಗೆ ಬಾಡಿಗೆಗೆ ಕೊಡುವವರು, ಸ್ಮಶಾನ, ಕಬರಸ್ತಾನ, ಚರ್ಚು, ಎಲ್ಲರ ನಂಬರು ಒಂದು ಹಾಳೆಯಲ್ಲಿ ಬರೆದು ಮೀಟರ್ ಕೋಣೆಯ ಬಾಗಿಲ ಒಳಗೆ ಅಂಟಿಸಿ. ಪ್ರತಿ ಮನೆಯ ಮಕ್ಕಳ ಫೋನ್ ನಂಬರೂ ಕಾರ್ಯದರ್ಶಿಯ ಹತ್ತಿರ ಇರಲಿ. ಮಹಡಿಗೆ ಒಬ್ಬರಂತೆ ತಿಂಗಳ ಸರದಿ ಹಾಕಿಕೊಳ್ಳಿ, ಆ ತಿಂಗಳು ರಾತ್ರಿ ಫೋನ್ ಬಂದರೆ ಎದ್ದು ಹೋಗುವುದು ಅವರೇ. ಊರಲ್ಲಿ ಇದ್ದೂ ಬರದವರಿಗೆ ದಂಡ ಎಷ್ಟು ಅಂತ ಮೊದಲ ಸಭೆಯಲ್ಲೇ ತೀರ್ಮಾನ ಮಾಡಿ. ಇದನ್ನು ಆಮೇಲೆ ನೋಡೋಣ ಅಂತ ಯಾರಾದರೂ ಅಂದೇ ಅನ್ನುತ್ತಾರೆ, ಒಪ್ಪಬೇಡಿ. ಎರಡನೇ ಮಹಡಿಯ ಆ ಅಮ್ಮನನ್ನೂ ಸಭೆಗೆ ಕರೆಯಿರಿ, ಅವತ್ತು ರಾತ್ರಿ ಏನೇನು ಬೇಕಾಗಿತ್ತು ಅಂತ ಅವರಿಗಿಂತ ಚೆನ್ನಾಗಿ ಹೇಳುವವರು ನಿಮ್ಮ ಕಟ್ಟಡದಲ್ಲಿ ಬೇರೆ ಯಾರೂ ಇಲ್ಲ.